ಒಂಬತ್ತನೆಯ ದಿನದ ಅರ್ಜಿ

ನಾವಿದ್ದ ಮರಾಠಿ ಊರಿನ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ದಿನ, ಅಪ್ಪ ತೀರಿಕೊಂಡ ಒಂಬತ್ತನೆಯ ದಿನವೇ ಬಂತು. ಅರ್ಜಿಯನ್ನು ಅಪ್ಪನೇ ತುಂಬಿದ್ದ. ಜ್ವರದಲ್ಲೇ ದಿಂಬಿಗೆ ಒರಗಿ ಕೂತು, ಪಾಲಕರ ಸಹಿಯ ಜಾಗದಲ್ಲಿ ಸಹಿಯನ್ನೂ ಮಾಡಿದ್ದ.

ಕ್ರಿಯಾಕರ್ಮಕ್ಕೆಂದು ಧಾರವಾಡದಿಂದ ಬಂದಿದ್ದ ದೊಡ್ಡಪ್ಪ ಒಪ್ಪಲಿಲ್ಲ. “ಸೂತಕದಾಗ ಯಾರರೆ ಹೊರಗ ಹೋಗ್ತಾರೇನು? ಮುಂದಿನ ವರ್ಷ ನೋಡೂಣು.”

ಒಳಗಿನ ಕೋಣೆಯಿಂದ ಅವ್ವ ಮೆಲ್ಲಗೆ ಅಂದಳು, “ಮುಂದಿನ ವರ್ಷ ಅಕೀ ಮದುವಿ ಮಾಡಿ ಮುಗಿಸಿರ್ತೀರಿ, ಭಾವನವರ.”

ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿದರು. ಮರುದಿನದ ಕ್ರಿಯೆಗೆ ಭಟ್ಟರನ್ನು ಗೊತ್ತುಮಾಡಲು ನದಿಯ ಘಾಟಿನ ಕಡೆ ಹೋದರು. ಅವರು ಓಣಿ ದಾಟಿದ ಮೇಲೆ ನಾನು ಹೊರಟೆ.

ಕಾಲೇಜಿನ ಕಚೇರಿಯಲ್ಲಿ ಹುಡುಗಿಯರು ತಮ್ಮ ತಮ್ಮ ತಂದೆಯರ ಜೊತೆ ಸಾಲಾಗಿ ನಿಂತಿದ್ದರು. ‘ತಂದೆ ಎಲ್ಲಿ’ ಎಂದು ಕೇಳಿದರೆ ಏನು ಹೇಳಬೇಕು? ಊರಿಗೆ ಹೋಗಿದ್ದಾರೆ ಎನ್ನಲೇ? ನನ್ನ ಸರದಿ ಬಂದಾಗ ಅರ್ಜಿಯನ್ನು ಗುಮಾಸ್ತರ ಕೈಗೆ ಕೊಡದೆ ನೆಲದ ಮೇಲೆ ಇಟ್ಟೆ. ಒಂಬತ್ತು ದಿನ ಹೊರಗಿನವರಿಗೆ ಏನನ್ನೂ ಕೈಯಿಂದ ಕೈಗೆ ಕೊಟ್ಟಿರಲಿಲ್ಲ; ಸೂತಕದ ರೂಢಿ ಕೈಗೆ ಅಂಟಿಬಿಟ್ಟಿತ್ತು. ಹಿಂದೆ ಯಾರೋ ನಕ್ಕರು.

ವಯಸ್ಸಾದ ಗುಮಾಸ್ತರು ನಗಲಿಲ್ಲ. ಮರಾಠಿಯಲ್ಲಿ ಕೇಳಿದರು, “ಎಷ್ಟನೆಯ ದಿನ?”

“ಒಂಬತ್ತು.”

“ಯಾರು?”

ನಾನು ಬಗ್ಗಿ, ಅಪ್ಪನ ಸಹಿಯನ್ನು ಬೆರಳಿನಿಂದ ತೋರಿಸಿದೆ.

ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. “ಮಗೂ, ಪಾಲಕರು ಬದುಕಿರುವವರು ಆಗಬೇಕು. ಮನೆಯಲ್ಲಿ ಹಿರಿಯರು ಯಾರಿದ್ದಾರೆ?”

ದೊಡ್ಡಪ್ಪನ ಹೆಸರು ಹೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. “ತಾಯಿ ಇದ್ದಾರೆ,” ಎಂದೆ.

“ಬರೆಯಲು ಬರುತ್ತದೆಯೇ?”

“ಬರುತ್ತದೆ.” ಅವ್ವ ಬರೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.

“ಹಾಗಾದರೆ ಅವರ ಸಹಿ ಮಾಡಿಸಿಕೊಂಡು ಬಾ. ಐದಕ್ಕೆ ಬಾಗಿಲು ಹಾಕುತ್ತೇವೆ.” ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು.

ಪೇಟೆಯ ಓಣಿಗಳಲ್ಲಿ ಟಾಂಗಾಗಳ ನಡುವೆ ಹೇಗೆ ಬಂದೆನೋ ನೆನಪಿಲ್ಲ. ಹೊಸ್ತಿಲ ಬಳಿ ದೊಡ್ಡಪ್ಪನ ಚಪ್ಪಲಿ ಇರಲಿಲ್ಲ. ಅವ್ವ ಅರ್ಜಿಯನ್ನು ತುಂಬ ಹೊತ್ತು ನೋಡಿದಳು.

“ನನ್ನ ಹೆಸರಷ್ಟ ಬರೀಲಿಕ್ಕೆ ಬರತದ. ನಿಮ್ಮಪ್ಪನ ಕಲಿಸಿದ್ರು. ಅದೂ ಕನ್ನಡದಾಗ. ನಡೀತದೇನ?”

“ಬರಿಯವ್ವಾ, ಲಗೂನ.”

ಅಪ್ಪನ ಪೆನ್ನು ಹಿಡಿದು, ನೆಲಕ್ಕೆ ಬಾಗಿ, ಒಂದೊಂದೇ ಅಕ್ಷರ ಬರೆದಳು. ಅಪ್ಪನ ಸಹಿಗೆ ತಾಗದಂತೆ ಕೆಳಗೆ ಬರೆಯಲು ಹೋಗಿ ಅಕ್ಷರಗಳು ಗೆರೆ ದಾಟಿ ಹೊರಗೆ ಬಂದವು. “ಚೊಲೋ ಬರಲಿಲ್ಲ,” ಎಂದಳು.

ನಾನು ತಿರುಗಿ ಕಾಲೇಜು ಮುಟ್ಟಿದಾಗ ಗುಮಾಸ್ತರು ಕಚೇರಿಯ ಕಿಟಕಿಗಳನ್ನು ಹಾಕುತ್ತಿದ್ದರು. ಮತ್ತೆ ನೆಲಕ್ಕೆ ಬಗ್ಗಿದೆ.

“ಕೈಯಲ್ಲೇ ಕೊಡು,” ಎಂದರು. “ಹೇಗೂ ಮನೆಗೆ ಹೋಗಿ ಸ್ನಾನ ಮಾಡುತ್ತೇನೆ.”

ಕೊಟ್ಟೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಅವ್ವನ ಹೆಸರು ಓದಿ ಹೇಳಿದೆ. ಅವರು ಅದರ ಪಕ್ಕದಲ್ಲಿ ಮರಾಠಿಯಲ್ಲಿ ಬರೆದುಕೊಂಡು ಮುದ್ರೆ ಒತ್ತಿದರು. ಅಪ್ಪನ ಸಹಿಯನ್ನು ಹೊಡೆದು ಹಾಕಲಿಲ್ಲ.

ಮನೆಗೆ ಬಂದಾಗ ದೊಡ್ಡಪ್ಪ ಜಗುಲಿಯ ಮೇಲೆ ಕೂತಿದ್ದರು. ಅವರು ನನ್ನ ಬರಿಗೈ ನೋಡಿ, “ಸ್ನಾನಾ ಮಾಡಿ ಒಳಗ ಬಾ,” ಎಂದರು, ಅಷ್ಟೇ. ಮಳೆಗಾಲದಲ್ಲಿ ನಾನು ಕಾಲೇಜಿಗೆ ಸೇರಿದೆ.

ಅದಾಗಿ ಎಷ್ಟೋ ವರ್ಷಗಳಾದವು; ಅವ್ವ ತೀರಿಹೋಗಿ ಈಗ ಒಂದು ತಿಂಗಳು. ಅವಳ ಕೈಬರಹಕ್ಕಾಗಿ ಟ್ರಂಕು, ಪಂಚಾಂಗ, ಹಳೆಯ ಪತ್ರಗಳು ಎಲ್ಲವನ್ನೂ ಹುಡುಕಿದೆ. ಒಂದಕ್ಷರವೂ ಇಲ್ಲ. ಆ ಕಚೇರಿಯಲ್ಲಿ ಹಳೆಯ ಅರ್ಜಿಗಳನ್ನು ಇನ್ನೂ ಇಟ್ಟಿದ್ದಾರೆಯೇ ಎಂದು ಹೋಗಿ ಕೇಳಬೇಕು. ಕೇಳಲು ಹೆದರಿಕೆಯಾಗುತ್ತದೆ.