ಗಟ್ಟಿಯಾದ ಹಳದಿ

ಇಂಗ್ಲೆಂಡಿನ ಡೆವನ್ ಸೀಮೆಯ ಹಳ್ಳಿಯೊಂದರಲ್ಲಿ ತನ್ನ ಮನೆಯ ಮೂರು ಕೋಣೆಗಳನ್ನು ಅತಿಥಿಗಳಿಗೆ ಬಾಡಿಗೆಗೆ ಕೊಟ್ಟು, ಬೆಳಗಿನ ತಿಂಡಿ ಬಡಿಸುತ್ತ ಬೆರಿಲ್ ಪ್ರೌಸ್ ಇಪ್ಪತ್ತಾರು ವರ್ಷ ಸವೆಸಿದ್ದಳು. ಬಂದವರೆಲ್ಲ ಹೊರಡುವಾಗ "ತುಂಬಾ ಚೆನ್ನಾಗಿತ್ತು" ಎನ್ನುತ್ತಿದ್ದರು. ಅವಳು ಒಬ್ಬರನ್ನೂ ನಂಬಿದವಳಲ್ಲ. ಅವರ ಕಾರು ತಿರುವು ದಾಟಿದ್ದೇ ತಡ, ತಟ್ಟೆಯಲ್ಲಿ ಏನು ಬಿಟ್ಟರು, ಹಾಸಿಗೆ ಚುಚ್ಚಿತೇ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದಳು.

ಈ ಸಲ ತಂಗಿಯ ಬಲವಂತಕ್ಕೆ ತಾನೇ ಅತಿಥಿಯಾಗಿ, ಶ್ರಾಪ್‌ಶೈರಿನ ಇಂಥದ್ದೇ ಒಂದು ಮನೆಗೆ ಎರಡು ದಿನದ ವಿಶ್ರಾಂತಿಗೆ ಬಂದಿದ್ದಳು. ವಿಶ್ರಾಂತಿ ಎಲ್ಲಿಂದ ಬರಬೇಕು! ಕೆಳಗೆ ಬಾಣಲೆಯಲ್ಲಿ ಬೇಕನ್ ಚುಂಯ್ ಎಂದ ಸದ್ದಿಗೇ ದಡಬಡಿಸಿ ಎದ್ದು, ಹಾಸಿಗೆಯನ್ನು ತಾನೇ ಸರಿಮಾಡಿ, ಎಲ್ಲರಿಗಿಂತ ಮೊದಲು ಮೇಜಿಗೆ ಬಂದು ಕೂತಳು. ಮೆತ್ತಗೆ ಹರಿಯುವಂತಿರಬೇಕಿದ್ದ ಮೊಟ್ಟೆಯ ಹಳದಿ ಬೆಂದು ಕಲ್ಲಾಗಿತ್ತು.

ಮನೆಯೊಡತಿ ಟೆಸ್ಸಾ ಒಣಗಿದ ಕೈಯನ್ನೇ ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಂದಳು. "ತಿಂಡಿ ಹೇಗಿತ್ತು ಮೇಡಂ?"

"ತುಂಬಾ ಚೆನ್ನಾಗಿತ್ತು," ಎಂದುಬಿಟ್ಟಳು ಬೆರಿಲ್.

ಟೆಸ್ಸಾ ನಕ್ಕಳು. ಕಣ್ಣು ಮಾತ್ರ ತಟ್ಟೆಯಲ್ಲಿ ಉಳಿದ ಹಳದಿಯ ಮೇಲೆಯೇ ಇತ್ತು. ಆ ನೋಟ ಯಾವುದೆಂದು ಬೆರಿಲ್‌ಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಸುಳ್ಳು ಹೇಳ್ದೆ ಕಣಮ್ಮ. ಮೊಟ್ಟೆ ಗಟ್ಟಿಯಾಗೋಗಿತ್ತು."

ಟೆಸ್ಸಾಳ ಮುಖ ಬಿಳಿಚಿಕೊಂಡಿತು. ಮರುಗಳಿಗೆ ಅವಳು ಎದುರಿನ ಕುರ್ಚಿಯಲ್ಲಿ ಕುಸಿದು ಕೂತು, ನಿರಾಳವಾಗಿ ದೊಡ್ಡ ಉಸಿರು ಬಿಟ್ಟಳು.

"ಅಷ್ಟೇನಾ?"