ಲೋರಿಸ್‌ನ ಎತ್ತಿದ ಕೈ

ಒಂದು ಕೆಲಸದಲ್ಲಿ ಚೆನ್ನಾಗಿ ಪಳಗಿದವನನ್ನು ಎತ್ತಿದ ಕೈ ಎನ್ನುತ್ತಾರೆ. ಕೆಲಸದಿಂದ ಜಾರಿಕೊಂಡವನನ್ನು ಕೈ ಎತ್ತಿಬಿಟ್ಟ ಎನ್ನುತ್ತಾರೆ. ಲೋರಿಸ್ ಸಿವಿಯೇರೊ ಎಂಬ ಮಹಾನುಭಾವ ಒಂದೇ ಕೈಯಲ್ಲಿ ಈ ಎರಡನ್ನೂ ಸಾಧಿಸಿದ. ಹದಿನೇಳು ವರ್ಷ ಸಂಬಳ ತೆಗೆದುಕೊಂಡು ಫುಟ್‌ಬಾಲ್ ಆಡಿದ. ರಕ್ಷಣೆಯ ಸಾಲಿನ ನಟ್ಟನಡುವೆ ಅವನ ಜಾಗ. ಎದುರಾಳಿ ಚೆಂಡಿನ ಜೊತೆ ಪಕ್ಕದಲ್ಲೇ ಹಾದುಹೋದರೆ ಇವನು ಹಿಂದೆ ಓಡುತ್ತಿರಲಿಲ್ಲ; ನಿಂತಲ್ಲೇ ನಿಂತು, ಬಲಗೈ ನೆಟ್ಟಗೆ ಮೇಲೆತ್ತಿ, ಗದ್ದ ಸ್ವಲ್ಪ ಓರೆ ಮಾಡಿ ಲೈನ್ಸ್‌ಮನ್ ಕಡೆ ನೋಡುತ್ತಿದ್ದ. ಆಫ್‌ಸೈಡ್! ಎದುರಾಳಿ ನಿಯಮ ಮೀರಿ ಮುಂದೆ ನುಸುಳಿದ್ದಾನೆ, ಬಾವುಟ ಎತ್ತು ಎಂಬ ದೂರು. ಅದೇ ಅವನ ಆಟ, ಅದೇ ಅವನ ಅನ್ನ.

ಈ ವೈಭವವನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವನು ಎರ್ಮೆಸ್ ಬೆಲ್ಲಾನ್. ಅವನು ಗೋಲ್‌ಕೀಪರ್. ಪೊರ್ತೊಬಾಸ್ಸೊದ ತಂಡದಲ್ಲಿ ವರ್ಷಗಟ್ಟಲೆ ಲೋರಿಸ್‌ನ ಬೆನ್ನನ್ನೇ ನೋಡುತ್ತ ನಿಂತವನು. ಊರವರು ಮುಂದಿನಿಂದ ನೋಡಿ ಮರುಳಾದರು. ಎರ್ಮೆಸ್ ಹಿಂದಿನಿಂದ ನೋಡಿದ್ದರಿಂದ ಮರುಳಾಗುವ ಭಾಗ್ಯ ಅವನಿಗಿರಲಿಲ್ಲ.

ಇಬ್ಬರೂ ಚಿಕ್ಕಂದಿನಿಂದ ಒಂದೇ ಮೈದಾನದವರು, ಚರ್ಚಿನ ಹಿಂದಿನದು. ಆಟ ಕಲಿಸುತ್ತಿದ್ದವರು ಪಾದ್ರಿ ದೊನ್ ಅಂಪೇಲಿಯೊ. ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಟಿ ಕಚ್ಚಿಕೊಂಡು ಅವರೂ ಓಡುತ್ತಿದ್ದರು. ಓಡದಿದ್ದವನು ಲೋರಿಸ್ ಒಬ್ಬನೇ.

"ಲೋರಿಸ್, ಹಿಂದೆ ಓಡೋ!"

"ಫಾದರ್, ಅವನು ಆಫ್‌ಸೈಡು!"

"ಲೋ ಮಂಕೇ, ಒಂದೊಂದು ಕಡೆ ನಾಲ್ಕೇ ಜನ ಆಡ್ತಿದ್ದೀರಿ, ಇದರಲ್ಲೆಂಥ ಆಫ್‌ಸೈಡೋ!"

ಮೈಗಳ್ಳತನವನ್ನು ಪಾದ್ರಿಗಳು ಏಳು ಮಹಾಪಾಪಗಳಲ್ಲಿ ಒಂದೆಂದು ಬೋಧಿಸುತ್ತಿದ್ದರು. ಹುಡುಗ ಮಾತ್ರ ಆ ಪಾಪವನ್ನೇ ಕಸುಬು ಮಾಡಿಕೊಂಡ. ನೋಡಲು ಚೆನ್ನಾಗಿದ್ದ, ಅದನ್ನು ಅಲ್ಲಗಳೆಯುವಂತಿಲ್ಲ. ಎತ್ತರದ ಆಳು, ಹೆಗಲವರೆಗೆ ಕೂದಲು, ಕಾಲುಚೀಲ ಕೆಳಗಿಳಿಸಿ ಆಡುವ ಶೋಕಿ. ಅಪ್ಪ ಜೌಗಿನಲ್ಲಿ ಹಾವುಮೀನು ಹಿಡಿದು ಸಂಸಾರ ನಡೆಸುತ್ತಿದ್ದರೆ ಮಗ ದೋಣಿ ಎಳೆಯುವ ಹೊತ್ತಿಗೆ ಸರಿಯಾಗಿ ಸೊಂಟ ಹಿಡಿದುಕೊಂಡು ಕೂರುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದು ಇಂಥವರನ್ನು ಕಂಡೇ ಇರಬೇಕು.

ಊರ ತಂಡ ಮೂರನೆಯ ದರ್ಜೆಯದು. ಸಕ್ಕರೆ ಕಾರ್ಖಾನೆಯ ಯಜಮಾನ ಅದರ ಅಧ್ಯಕ್ಷ. ಅವನು ಇಬ್ಬರನ್ನೂ ಒಂದೇ ವರ್ಷ ಸೇರಿಸಿಕೊಂಡ. ಒಂದು ಭಾನುವಾರ ಜಿಲ್ಲೆಯ ಪತ್ರಿಕೆಯವನು ಲೋರಿಸ್ ಕೈ ಎತ್ತಿ ನಿಂತ ಪಟ ತೆಗೆದ. ಕೆಳಗೆ ಬರೆದ: ರಕ್ಷಣೆಯನ್ನು ಮುನ್ನಡೆಸುವ ದಂಡನಾಯಕ. ಆ ಪಟದ ಮೂಲೆಯಲ್ಲಿ ಕೆಸರಿಗೆ ಬಿದ್ದು ಚೆಂಡು ಅಪ್ಪಿಕೊಂಡಿದ್ದವನು ಎರ್ಮೆಸ್. ಅವನ ತಲೆ ಕತ್ತರಿಸಿಹೋಗಿತ್ತು. ಅಂದಿನಿಂದ ಊರಿನ ಬಾರಿನಲ್ಲಿ ಲೋರಿಸ್‌ಗೆ ದಂಡನಾಯಕ ಎಂದೇ ಹೆಸರು. ಎಂಥ ದಂಡು, ಎಂಥ ನಾಯಕ! ಟ್ರಾಫಿಕ್ ಪೊಲೀಸನೂ ಕೈ ಎತ್ತುತ್ತಾನೆ, ಆದರೆ ಅವನ ಕೈಗೆ ಗಾಡಿಗಳಾದರೂ ನಿಲ್ಲುತ್ತವೆ.

ಇನ್ನು ಆ ಮಂಜಿನ ದಿನದ ವಿಷಯ. ಜನವರಿ ತಿಂಗಳು, ಎದುರಿಗೆ ಬದ್ಧವೈರಿ ವಾಲ್‌ಸೆಕ್ಕಾ. ನದಿಯ ಕಡೆಯಿಂದ ಮಂಜು ಎದ್ದು ಮೈದಾನದ ಮೇಲೆ ಮಲಗಿತ್ತು. ಆಟ ನಿಲ್ಲಿಸಬೇಕಿತ್ತು, ದೂರದೂರಿನ ರೆಫರಿಗೆ ರೈಲು ಹಿಡಿಯುವ ಅವಸರ, ನಿಲ್ಲಿಸಲಿಲ್ಲ. ಗ್ಯಾಲರಿಯಲ್ಲಿ ಕೂತವರಿಗೆ ಹುಲ್ಲೂ ಕಾಣುತ್ತಿರಲಿಲ್ಲ, ಕೂಗು ಕೇಳಿ ಕೂಗುತ್ತಿದ್ದರು. ಗೋಲಿನ ಹಿಂದೆ ತಂತಿಬೇಲಿಗೆ ಮೂತಿ ಒತ್ತಿ ನಿಂತವರಿಗೆ ಮಾತ್ರ ಎರ್ಮೆಸ್ ಕಾಣುತ್ತಿದ್ದ, ಅವನ ಆಚೆಗೆ ಬರೀ ಬಿಳುಪು.

ಆಟ ಮುಗಿಯುತ್ತ ಬಂದಾಗ ಆ ಬಿಳುಪಿನೊಳಗಿಂದ ವಾಲ್‌ಸೆಕ್ಕಾದವನೊಬ್ಬ ಚೆಂಡಿನ ಸಮೇತ ಹೊರಬಂದ. ಅವನ ಹಿಂದೆ ಎರಡು ಹೆಜ್ಜೆಯಲ್ಲಿ ಲೋರಿಸ್ ಇದ್ದ. ಕೈ ಚಾಚಿದ್ದರೆ ಅಂಗಿ ಸಿಗುತ್ತಿತ್ತು. ಪುಣ್ಯಾತ್ಮ ಕೈ ಚಾಚಲಿಲ್ಲ, ಎತ್ತಿದ! ಯಾರಿಗೆ ತೋರಿಸಲು? ಲೈನ್ಸ್‌ಮನ್ ಎಲ್ಲಿದ್ದಾನೆಂದು ಲೈನ್ಸ್‌ಮನ್‌ನ ತಾಯಿಗೂ ಗೊತ್ತಿರಲಿಲ್ಲ. ಎರ್ಮೆಸ್ ಒಬ್ಬನೇ ಮುನ್ನುಗ್ಗಿ ಅವನ ಕಾಲಬುಡದ ಚೆಂಡಿನ ಮೇಲೆ ಬಿದ್ದ. ಚೆಂಡು ಎದೆಗೆ ಬಡಿದು, ಒದ್ದೆ ಕೈಗವಸಿನಿಂದ ನುಣುಚಿ, ಹೊಟ್ಟೆಯ ಕೆಳಗಿಂದ ತೆವಳಿಕೊಂಡು ಗೋಲಿನೊಳಗೆ ಹೋಯಿತು. ಬೇಲಿಗೆ ಒತ್ತಿ ನಿಂತವರು ಕಂಡದ್ದು ಅಷ್ಟೇ, ಆ ತೆವಳಾಟವನ್ನಷ್ಟೇ. ಒಬ್ಬ ಕೂಗಿದ, "ಥೂ, ಸಾಬೂನು!"

ಜೂನ್‌ನಲ್ಲಿ ಲೆಕ್ಕ ನೋಡಿದಾಗ ಒಂದೇ ಅಂಕದಿಂದ ಮೇಲಿನ ದರ್ಜೆ ತಪ್ಪಿತ್ತು. ಊರಿಗೆ ಊರೇ ಜನವರಿಗೆ ಹಿಂದಿರುಗಿ ಆ ಸಾಬೂನನ್ನು ಹುಡುಕಿ ತಂದಿತು. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆಯಲ್ಲಿ ಕೋತಿಗಾದರೂ ಒರೆಸುವ ಕಷ್ಟವಿತ್ತು. ಇಲ್ಲಿ ಲೋರಿಸ್ ಅದನ್ನೂ ಮಾಡಲಿಲ್ಲ, ಸುಮ್ಮನಿದ್ದ, ಅಷ್ಟೇ. ಯಾರಾದರೂ ಕೇಳಿದರೆ ಭುಜ ಕುಣಿಸಿ, "ಪಾಪ, ಎರ್ಮೆಸ್ ಒಳ್ಳೆಯವನು" ಎನ್ನುತ್ತಿದ್ದ.

ಪೊರ್ತೊಬಾಸ್ಸೊದಲ್ಲಿ ಅರ್ಧ ಊರು ಬೆಲ್ಲಾನ್‌ಗಳದು. ಅಂಚೆಯವನಿಗೂ ಅಡ್ಡಹೆಸರು ಬೇಕು, ಇಲ್ಲದಿದ್ದರೆ ಒಬ್ಬನ ಕಾಗದ ಇನ್ನೊಬ್ಬನ ಹೆಂಡತಿ ಓದುತ್ತಾಳೆ. ಎರ್ಮೆಸ್ ಸಾಬೂನಾದ. ಮೀನಿನ ಅಂಗಡಿ ಇಟ್ಟಿದ್ದ ಅವನ ಹೆಂಡತಿ ವಾಂದಾ ಸಾಬೂನಿನವಳಾದಳು. ಸತ್ತವರ ಸುದ್ದಿಯನ್ನು ಅಚ್ಚು ಮಾಡಿಸಿ ಚರ್ಚಿನ ಗೋಡೆಗೆ ಅಂಟಿಸುವಾಗಲೂ ಯಾವ ಬೆಲ್ಲಾನ್ ಎಂದು ತಿಳಿಯಲು ಅಡ್ಡಹೆಸರು ಹಾಕುವುದು ರೂಢಿ. ಎರ್ಮೆಸ್‌ನ ಅಣ್ಣ ಅದೆಲ್ಮೊ ತೀರಿಕೊಂಡಾಗ ಗೋಡೆಯ ಮೇಲೆ ಕಪ್ಪು ಅಂಚಿನ ಕಾಗದ ಬಂತು: ಅದೆಲ್ಮೊ ಬೆಲ್ಲಾನ್, ಸಾಬೂನಿನ ಅಣ್ಣ. ನಲವತ್ತು ವರ್ಷ ಗಾರೆಕೆಲಸ ಮಾಡಿ ಅರ್ಧ ಊರು ಕಟ್ಟಿದ ಮನುಷ್ಯ! ಅವನು ಒಂದು ದಿನವೂ ಚೆಂಡು ಮುಟ್ಟಿದವನಲ್ಲ. ಎರ್ಮೆಸ್ ಆ ಗೋಡೆಯ ಮುಂದೆ ಟೋಪಿ ತೆಗೆದು ನಿಂತು, ನಾಚಿಕೆಯಿಂದ ಮತ್ತೆ ಹಾಕಿಕೊಂಡ.

ಅತ್ತ ಲೋರಿಸ್ ಮೇಲೇರುತ್ತಲೇ ಹೋದ. ಆ ಪಟ ನೋಡಿ ಎರಡನೆಯ ದರ್ಜೆಯ ತಂಡವೊಂದು ಅವನನ್ನು ಕೊಂಡಿತು. ಅಲ್ಲಿಂದ ದಕ್ಷಿಣದ ಒಂದು ದೊಡ್ಡ ತಂಡಕ್ಕೆ ಹೋಗಿ ಮೊದಲ ದರ್ಜೆಯಲ್ಲಿ ಒಂದು ವರ್ಷ ಕೂತ. ಆಡಿದ್ದು ಬೆರಳೆಣಿಕೆ, ಕೂತದ್ದೇ ಹೆಚ್ಚು. ಬೆಂಚಿನ ಮೇಲಿಂದಲೂ ಕೈ ಎತ್ತುತ್ತಿದ್ದನಂತೆ. ಟೀವಿಯಲ್ಲಿ ಅದನ್ನು ಕಂಡ ಊರವರು ಬಾರಿನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪ್ಪ ಹಾಸಿಗೆ ಹಿಡಿದಾಗ ಮಗ ಬರಲಿಲ್ಲ, ಕಟ್ಟು ಹಾಕಿಸಿದ ತನ್ನ ಪಟ ಕಳಿಸಿದ. ಮುದುಕನ ಮಲಮೂತ್ರ ಬಳಿದವಳು ಲೋರಿಸ್‌ನ ತಂಗಿ. ಪಟವನ್ನು ಹಾಸಿಗೆಯ ಎದುರಿಗೆ ನೇತುಹಾಕಿದರು. ಸಾಯುವವರೆಗೆ ಆ ಅಪ್ಪ ಮಗನ ಎತ್ತಿದ ಕೈಯನ್ನೇ ನೋಡುತ್ತ ಮಲಗಿದ್ದ.

ಆಟ ಮುಗಿಸಿ ಊರಿಗೆ ಬಂದ ಲೋರಿಸ್ ಆಟದ ಸಾಮಾನಿನ ಅಂಗಡಿ ತೆರೆದ. ಸೋಮವಾರ ಜಿಲ್ಲೆಯ ಟೀವಿಯಲ್ಲಿ ಕೂತು ಈಗಿನ ಹುಡುಗರು ಓಡುವುದಿಲ್ಲ ಎಂದು ಬೈಯುತ್ತಿದ್ದ. ಹೌದು, ಇವನೇ! ವಯಸ್ಸು ಅರವತ್ತೈದು ದಾಟಿದ ಮೇಲೆ, ಮೈದಾನದ ಗ್ಯಾಲರಿಗೆ ಅವನ ಹೆಸರಿಡಬೇಕೆಂದೂ, ಅಂದು ಚರ್ಚಿನ ಭೋಜನಶಾಲೆಯಲ್ಲಿ ಊಟ ಹಾಕಿಸಬೇಕೆಂದೂ ಊರು ನಿರ್ಧರಿಸಿತು.

ಎರ್ಮೆಸ್ ಮೂರು ದಿನ ಯೋಚಿಸಿದ. ನಾಲ್ಕನೆಯ ದಿನ ಟೋಪಿ ಹಾಕಿಕೊಂಡು ಲೋರಿಸ್‌ನ ಅಂಗಡಿಗೆ ಹೋದ.

"ಬಾರೋ ಸಾಬೂನು! ಏನು ಬೇಕು, ಕೈಗವಸಾ? ಜಾರದೇ ಇರೋದು ಬಂದಿದೆ, ನಿನಗೆ ಅರ್ಧ ಬೆಲೆ."

"ತಮಾಷೆ ಬಿಡು ಲೋರಿಸ್. ಆ ಮಂಜಿನ ದಿನ ನೀನು ಓಡ್ಲಿಲ್ಲ. ಕೈ ಎತ್ಕೊಂಡು ನಿಂತಿದ್ದೆ. ನಾನು ಕಣ್ಣಾರೆ ನೋಡಿದೀನಿ."

"ಅದು ಆಫ್‌ಸೈಡ್ ಕಣೋ."

"ಆಗ್ಲಿ, ಆಫ್‌ಸೈಡೇ ಆಗಿರ್ಲಿ. ನಾನು ನಿನ್ನ ಹತ್ರ ಜಗಳಕ್ಕೆ ಬಂದಿಲ್ಲ. ಊಟದ ದಿನ ಮೈಕು ನಿನ್ನ ಕೈಲಿರತ್ತೆ. ಆ ಗೋಲು ಎರ್ಮೆಸ್ ಒಬ್ಬನದೇ ತಪ್ಪಲ್ಲ ಅಂತ ಒಂದ್ಸಲ ಹೇಳು, ಸಾಕು. ಅಣ್ಣನ ಕಾಗದ ನೋಡಿದ್ಯಲ್ಲ. ನಾಳೆ ನಾನು ಸತ್ರೂ ಗೋಡೆ ಮೇಲೆ ಸಾಬೂನು ಅಂತಲೇ ಅಂಟಿಸ್ತಾರೆ. ಆ ಹೆಸರು ಹೋಗ್ಬೇಕು ಕಣೋ. ಬೇರೇನೂ ಬೇಡ ನನಗೆ."

ಲೋರಿಸ್‌ನ ಕಣ್ಣು ತುಂಬಿತು. ಕಣ್ಣು ತುಂಬಿಕೊಳ್ಳುವುದರಲ್ಲಿ ಅವನು ಯಾವತ್ತೂ ಹಿಂದೆ ಬಿದ್ದವನಲ್ಲ. ಎದ್ದು ಬಂದು ಎರ್ಮೆಸ್‌ನ ಹೆಗಲ ಮೇಲೆ ಕೈ ಹಾಕಿದ. "ಇಷ್ಟು ವರ್ಷ ಒಳಗೇ ಕೊರಗ್ತಿದ್ಯಾ? ಛೆ! ಮೊದ್ಲೇ ಹೇಳ್ಬಾರ್ದಾ? ಆ ವಿಷ್ಯ ನನಗೆ ಬಿಡು."

ಎರ್ಮೆಸ್ ಮನೆಗೆ ಬಂದು ಹೆಂಡತಿಗೆ ಹೇಳಿದ. ವಾಂದಾ ಮೀನಿನ ಹೊಟ್ಟೆ ಸೀಳುತ್ತಿದ್ದವಳು ಚಾಕು ನಿಲ್ಲಿಸಿದಳು.

"'ನನಗೆ ಬಿಡು' ಅಂದ್ನಾ? ಮೈದಾನದಲ್ಲೂ ಹಾಗೇ ಅಲ್ವಾ ಅಂತಿದ್ದಿದ್ದು, 'ಅವನನ್ನ ನನಗೆ ಬಿಡು' ಅಂತ?"

"ಈ ಸಲ ಹಾಗಲ್ಲ ಕಣೆ. ಅತ್ತುಬಿಟ್ಟ."

"ಅಳ್ತಾನೆ, ಅಳ್ದೆ ಏನು? ಅಳೋಕೆ ಓಡ್ಬೇಕಾ?"

ಊಟದ ದಿನ ಭೋಜನಶಾಲೆ ತುಂಬಿತ್ತು. ಹುರಿದ ಹಾವುಮೀನು, ಮುಸುಕಿನ ಜೋಳದ ಬಿಸಿ ಮುದ್ದೆ ಪೊಲೆಂತಾ, ಹೂಜಿಗಟ್ಟಲೆ ಕೆಂಪು ವೈನ್. ಎರ್ಮೆಸ್ ಮಗಳ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ಮೇಯರ್ ಮಾತಾಡಿದ, ಯಾರೋ ಹಾರ ತಂದರು, ಕೊನೆಗೆ ಮೈಕು ಲೋರಿಸ್‌ನ ಕೈಗೆ ಬಂತು. ಅಪ್ಪನನ್ನು ನೆನೆದ. ದೊನ್ ಅಂಪೇಲಿಯೊ ಅವರನ್ನು ನೆನೆದ. ಆಮೇಲೆ ದನಿ ತಗ್ಗಿಸಿದ.

"ಇನ್ನೊಂದು ಮಾತಿದೆ. ನಮ್ಮ ಎರ್ಮೆಸ್ ಇಲ್ಲೇ ಇದ್ದಾನೆ. ಆ ಮಂಜಿನ ದಿನ ನಮ್ಮೆಲ್ಲರ ಕನಸು ಅವನ ಕೈಯಿಂದ ಜಾರಿ ಹೋಯ್ತು. ನಿಜ ಹೇಳ್ತೀನಿ, ನನಗೂ ಸಂಕಟ ಆಗಿತ್ತು. ಆದ್ರೆ ಅವನು ಮೊನ್ನೆ ನನ್ನ ಹತ್ರ ಬಂದ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ. ಇವತ್ತು ನಿಮ್ಮೆಲ್ಲರ ಮುಂದೆ ಹೇಳ್ತಿದ್ದೀನಿ. ಎರ್ಮೆಸ್, ನಾನು ನಿನ್ನನ್ನ ಕ್ಷಮಿಸಿದ್ದೀನಿ!"

ಸಭೆ ಎದ್ದು ನಿಂತಿತು. ಮೇಯರ್ ಕರವಸ್ತ್ರ ತೆಗೆದ. ಯಾರೋ ಎರ್ಮೆಸ್‌ನನ್ನು ಕುರ್ಚಿಯಿಂದ ಎಬ್ಬಿಸಿ ಮುಂದಕ್ಕೆ ತಳ್ಳಿದರು. ಲೋರಿಸ್ ಅವನನ್ನು ಎದೆಗೆ ಅಪ್ಪಿಕೊಂಡು ಕಿವಿಯಲ್ಲಿ ಹೇಳಿದ, "ಸಾಕಾ? ನೀನು ಕೇಳಿದ ಹಾಗೇ ಹೇಳಿದೆ ನೋಡು."

ಎರ್ಮೆಸ್ ಅವನ ಮುಖ ನೋಡಿದ. ಎಲ್ಲಾದರೂ ಒಂದು ಸುಳ್ಳು, ಒಂದು ಕಳ್ಳನಗೆ ಸಿಗಬಹುದೆಂದು ಹುಡುಕಿದ. ಇರಲಿಲ್ಲ. ಆ ಮನುಷ್ಯ ನಿಜಕ್ಕೂ ಹಾಗೆಯೇ ನಂಬಿದ್ದ. ಸುಳ್ಳುಗಾರನಾದರೆ ಕೊರಳಪಟ್ಟಿ ಹಿಡಿಯಬಹುದು. ಇಂಥ ಖಾಲಿ ಪಾತ್ರೆಯನ್ನು ಎಲ್ಲಿ ಹಿಡಿಯುವುದು? ಎರ್ಮೆಸ್‌ಗೆ ಇಷ್ಟು ವರ್ಷ ಇದ್ದದ್ದು ಸಿಟ್ಟು. ಈಗ ಅದು ಹೇಸಿಗೆಯಾಯಿತು. ಮೈಕು ಕಸಿದುಕೊಂಡ.

"ಕೇಳ್ರಿ! ಆವತ್ತು ಇವನು ಓಡ್ಲಿಲ್ಲ. ಇವನ ಕೈ ಮೇಲಿತ್ತು..."

ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಕೈ ಎಂದದ್ದೇ ತಡ, ಸಭೆಗೆ ಸಭೆಯೇ ಹೋ ಎಂದು ದಂಡನಾಯಕನ ಗೌರವಕ್ಕೆ ಬಲಗೈ ಎತ್ತಿತು. ಮೂಲೆಯಲ್ಲಿ ಕೂತಿದ್ದ ಹಳೆಯ ಕಮ್ಯುನಿಸ್ಟ್ ಮುದುಕನೊಬ್ಬ ಮಾತ್ರ ಬಲಗೈ ಎತ್ತುವುದಿಲ್ಲವೆಂದು ಎಡಗೈ ಎತ್ತಿದ. ಹಿಂದಿನಿಂದ ಒಬ್ಬ ಕೂಗಿದ, "ದಂಡನಾಯಕ ಯಾಕ್ರೀ ಓಡ್ಬೇಕು? ಓಡೋಕೆ ಸಿಪಾಯಿಗಳಿಲ್ವಾ?" ನಗು ಸೂರು ಹಾರಿಸಿತು. ವಾಂದಾ ಎದ್ದು ಬಂದು, ಗಂಡನ ಕೈಯಿಂದ ಮೈಕು ತೆಗೆದು ಮೇಜಿನ ಮೇಲಿಟ್ಟು, ಲೋರಿಸ್‌ನ ಹೊಳೆಯುವ ಬೂಟಿನ ಪಕ್ಕದಲ್ಲಿ ನೆಲಕ್ಕೆ ಉಗಿದು, ಎರ್ಮೆಸ್‌ನ ತೋಳು ಹಿಡಿದುಕೊಂಡು ಹೊರನಡೆದಳು. ಪಾಪ, ಹೆಂಗಸಿಗೆ ತುಂಬಾ ದುಃಖವಾಗಿದೆ ಎಂದು ಲೋರಿಸ್ ಮೇಯರ್‌ಗೆ ಹೇಳಿದ.

ಲೋರಿಸ್ ಕೊಟ್ಟ ಮಾತು ಒಂದು ಅರ್ಥದಲ್ಲಿ ಸುಳ್ಳಾಗಲಿಲ್ಲ. ಒಂದೇ ವಾರದಲ್ಲಿ ಊರಿನಲ್ಲಿ ಸಾಬೂನು ಎಂಬ ಹೆಸರು ಮಾಯವಾಯಿತು. ಶನಿವಾರ ಬೆಳಿಗ್ಗೆ ಎರ್ಮೆಸ್ ಮೀನಂಗಡಿಯ ಹಿಂದೆ ಮಂಜುಗಡ್ಡೆ ಒಡೆಯುತ್ತಿದ್ದಾಗ ಹೊರಗೆ ಇಬ್ಬರು ಹೆಂಗಸರ ಮಾತು ಕೇಳಿಸಿತು.

"ಹಾವುಮೀನು ಎಲ್ಲಿ ತಗೊಂಡ್ರಿ?"

"ಇಲ್ಲೇ, ಮಾಫಿ ಅಂಗಡೀಲಿ."

"ಯಾವ ಮಾಫಿ?"

"ಅದೇ ಕಣ್ರೀ, ದಂಡನಾಯಕರು ಮಾಫಿ ಕೊಟ್ರಲ್ಲ, ಆ ಬೆಲ್ಲಾನ್."

ಎರ್ಮೆಸ್ ಸುತ್ತಿಗೆ ಕೆಳಗಿಟ್ಟ. ವಾಂದಾ ತಿರುಗಿ ನೋಡಿದಳು.

"ವಾಂದಾ," ಎಂದ ಅವನು, "ನಾನು ಸತ್ತಾಗ ಅಚ್ಚಿನ ಮನೆಗೆ ನೀನೇ ಹೋಗು, ಬೇರೆ ಯಾರನ್ನೂ ಕಳಿಸ್ಬೇಡ. ಸಾಬೂನು ಅಂತಲೇ ಹಾಕ್ಸು. ದೊಡ್ಡಕ್ಷರದಲ್ಲಿ."