ಕಪ್ಪಿ ಗಾಡಿಯ ಮುಂಭಾಗ ತಮ್ಮನದು, ಹಿಂಭಾಗ ಅಕ್ಕನದು

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ನಾನು ಬೀದರಿನಲ್ಲಿ ಸ್ವಂತ ಗ್ಯಾರೇಜು ಹಾಕಿ ಆಗ ಇಪ್ಪತ್ತು ವರ್ಷ ದಾಟಿತ್ತು. ಹುಟ್ಟಿದ್ದು ಭಾಲ್ಕಿ. ಟ್ರ್ಯಾಕ್ಟರ್ ಬಿಚ್ಚುವುದನ್ನು ಅಲ್ಲೇ ಕಲಿತೆ, ಸಸ್ಪೆನ್ಶನ್ ಕೆಲಸವನ್ನು ಹೈದರಾಬಾದಿನಲ್ಲಿ ಕಲಿತೆ. ಸಸ್ಪೆನ್ಶನ್ ಅಂದರೆ ಗಾಲಿಗೂ ಗಾಡಿಯ ಮೈಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಗಾಲಿಯನ್ನು ಹಿಡಿದಿಡುವ ಕಬ್ಬಿಣದ ಆರ್ಮು, ರಬ್ಬರ್ ಬುಷ್ಷು, ಇವೆಲ್ಲ ಕೂಡಿದ ಸಂಸಾರ. ನಮ್ಮ ಜಿಲ್ಲೆಯ ರಸ್ತೆಗಳು ನಮ್ಮಂಥವರ ಹೊಟ್ಟೆ ತುಂಬಿಸುತ್ತವೆ, ಆ ಬಗ್ಗೆ ನನ್ನ ತಕರಾರಿಲ್ಲ.

ನಮ್ಮಲ್ಲಿಗೆ ಬರುವುದು ಬೊಲೆರೊ, ಟೆಂಪೊ, ಅಪರೂಪಕ್ಕೆ ಯಾರದೋ ಮಾವ ಕೊಟ್ಟ ದೊಡ್ಡ ಕಾರು. ಸ್ಪೋರ್ಟ್ಸ್ ಕಾರು ಅಂತ ಬಂದಿದ್ದು ಒಂದೇ. ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಓಡುವ ಕೆಂಪು ಜಪಾನಿ ಗಾಡಿ. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಕಮೆಂಟಿನಲ್ಲಿ ಜಗಳ ಶುರುವಾಗುತ್ತದೆ. ಸ್ವಿಚ್ ಒತ್ತಿದರೆ ಬಾನೆಟ್ಟಿನೊಳಗಿಂದ ಎರಡು ಹೆಡ್‌ಲೈಟು ಮೇಲೆದ್ದು ಕಪ್ಪೆಯ ಕಣ್ಣಿನ ಹಾಗೆ ಪಿಳಿಪಿಳಿ ನೋಡುತ್ತಿದ್ದವು. ಅದಕ್ಕೇ ಔರಾದ ತಾಲೂಕಿನ ಡಾಬಕಾದಲ್ಲಿ ಅದಕ್ಕೆ ಕಪ್ಪಿ ಗಾಡಿ ಎಂದೇ ಹೆಸರು.

ಗಾಡಿಗೆ ಮಾಲೀಕರು ಇಬ್ಬರು. ಅಕ್ಕ ಸುಗುಣಮ್ಮ ಬೀದರಿನ ಮೈಲೂರಿನಲ್ಲಿ ಇರುವವರು, ಮೂವತ್ತು ವರ್ಷ ನರ್ಸ್ ಆಗಿದ್ದವರು, ಅದರಲ್ಲೂ ಹೆಚ್ಚು ಕಾಲ ಎಲುಬಿನ ವಾರ್ಡಿನಲ್ಲಿ. ತಮ್ಮ ದೇವದಾಸ ಡಾಬಕಾದಲ್ಲಿ ತೊಗರಿ, ಸೋಯಾ ಬೆಳೆಯುವ ರೈತ. ಇಬ್ಬರೂ ಹರೆಯದಲ್ಲಿದ್ದಾಗ, ವರ್ಗವಾಗಿ ಹೊರಟಿದ್ದ ಒಬ್ಬ ಆಫೀಸರ ಹತ್ತಿರ ಈ ಗಾಡಿ ನೋಡಿ ತಲೆ ಕೆಡಿಸಿಕೊಂಡು, ಅಕ್ಕನ ಪಗಾರ ತಮ್ಮನ ಫಸಲು ಕೂಡಿಸಿ ಕೊಂಡಿದ್ದರು. ಕಾಗದಪತ್ರ ಅಕ್ಕನ ಹೆಸರಿಗೆ, ಸ್ಟೇರಿಂಗು ತಮ್ಮನ ಕೈಗೆ. ಇಪ್ಪತ್ತೈದು ವರ್ಷ ಪ್ರತಿ ಕ್ರಿಸ್‌ಮಸ್ಸಿಗೆ ಆರಾಧನೆ ಮುಗಿದ ಮೇಲೆ ಇಬ್ಬರೂ ಅದರಲ್ಲಿ ಒಂದು ಸುತ್ತು ಹೊಡೆಯುತ್ತಿದ್ದರು. ಗಾಡಿಯಲ್ಲಿ ಮೂರನೆಯವರಿಗೆ ಜಾಗವಿಲ್ಲವಾದ್ದರಿಂದ ದೇವದಾಸನ ಹೆಂಡತಿ ಆವತ್ತೊಂದು ದಿನ ಸಿಟ್ಟಾಗಿರುತ್ತಿದ್ದಳಂತೆ.

ನನ್ನ ಹತ್ತಿರ ಗಾಡಿ ಬರುವ ಹೊತ್ತಿಗೆ ಅಕ್ಕ ತಮ್ಮಂದಿರ ಮಾತು ನಿಂತು ವರ್ಷವಾಗಿತ್ತು. ಕಾರಣ ಊರಿಗೆಲ್ಲ ಗೊತ್ತಿತ್ತು. ದೇವದಾಸ ತನ್ನ ಮಗಳ ಲಗ್ನಪತ್ರಿಕೆಯನ್ನು ಒಡಹುಟ್ಟಿದ ಅಕ್ಕನಿಗೆ ವಾಟ್ಸಪ್‌ನಲ್ಲಿ ಕಳಿಸಿದ್ದ. ನಮ್ಮ ಕಡೆ ದೂರದ ಬೀಗರ ಮನೆಗೂ ಪತ್ರಿಕೆ ಕೈಯಾರೆ ಕೊಟ್ಟು, ಕೂತು, ಚಹಾ ಕುಡಿದು ಕರೆಯಬೇಕು. ಮನೆತನಕ ಬಂದು ಕರೆಯದಿದ್ದರೆ ಕರೆದಂತೆಯೇ ಅಲ್ಲ. ಸುಗುಣಮ್ಮ ಲಗ್ನಕ್ಕೆ ಹೋಗಲಿಲ್ಲ. ಹೆತ್ತ ಮಗಳಂತೆ ಆಡಿಸಿದ ಸೋದರಸೊಸೆಯ ಲಗ್ನ, ಅದಕ್ಕೇ ಹೋಗಲಿಲ್ಲ.

ಹೈದರಾಬಾದಿನ ಒಬ್ಬ ಹಳೇ ಗಾಡಿ ಶೋಕಿಯವನು ಈ ಗಾಡಿ ಕೇಳಿದ್ದ. ಸುಗುಣಮ್ಮ ಒಂದು ಸಹಿ ಹಾಕಿದರೆ ಮುಗಿಯಿತು. ನನಗೆ ಫೋನು ಮಾಡಿ ಸ್ಪಷ್ಟವಾಗಿ ಹೇಳಿದರು: "ನೋಡು ವೈಜನಾಥ, ಕೆಳಗಿನ ಸಾಮಾನೆಲ್ಲ ತೆಗದು ಹೊಸಾದು ಹಾಕು. ಆ ರಸ್ತಾದಾಗ ಗಾಡಿ ಪಲ್ಟಿ ಆಗಿ ಬಂದವರ ಎಲುಬು ಜೋಡಸೂದ್ರಾಗ ನನ್ನ ನೌಕರಿ ಹೋಗ್ಯದ. ಅವ ಒಪ್ಪಿದ್ರ ಗಾಡಿ ಇರಲಿ. ಒಪ್ಪಲಿಲ್ಲಂದ್ರ ಮಾರಿಬಿಡ್ತೇನಿ."

ದೇವದಾಸನ ಹಟ ಇನ್ನೊಂದು ಥರದ್ದು. ಗಾಡಿ ತಂದು ನಿಲ್ಲಿಸಿ, ಒಂದು ನಟ್ಟೂ ಹೊಸದು ಹಾಕಬಾರದು, ಇದ್ದದ್ದನ್ನೇ ರಿಪೇರಿ ಮಾಡಬೇಕು ಅಂದ. ಎಲ್ಲಾ ಬದಲಿ ಮಾಡಿದರೆ ತಾವಿಬ್ಬರೂ ಕೊಂಡ ಗಾಡಿ ಯಾವುದು ಉಳಿಯಿತು ಎಂದು ಕೇಳಿದ. ಗಾಡಿ ಮಾರುತ್ತಾರೆಂದು ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ. ಅಕ್ಕನಿಗೂ ಅವನಿಗೂ ನಡುವೆ ಉಳಿದಿದ್ದು ಅದೊಂದೇ ಗಾಡಿ.

ಮೊದಲು ಭಾಲ್ಕಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಸ್ಪೀಡ್ ಬ್ರೇಕರ್ ದಾಟಿದ ಮೇಲೂ ಮೂರು ಸಲ ತೂಗುತ್ತಿತ್ತು, ಅಂದರೆ ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಸೋರಿಹೋಗಿದೆ ಎಂದರ್ಥ. ಮೇಲಕ್ಕೆತ್ತಿ ಗಾಲಿ ಅಲ್ಲಾಡಿಸಿದರೆ ಕಟಕಟ ಸದ್ದು. ಬುಷ್ಷುಗಳೆಲ್ಲ ಬಿರುಕು ಬಿಟ್ಟಿದ್ದವು. ಬುಷ್ ಅಂದರೆ ಆರ್ಮಿನ ತುದಿಯಲ್ಲಿ ಕೂತಿರುವ ರಬ್ಬರು. ಮೊಣಕಾಲಿನ ಸಂದಿಯಲ್ಲಿ ಇರುವ ಮೆತ್ತೆ ಸವೆದರೆ ನಡೆಯುವಾಗ ಏನಾಗುತ್ತದೋ, ಬುಷ್ ಸವೆದರೆ ಗಾಡಿಗೂ ಅದೇ ಆಗುತ್ತದೆ.

ಎಡಗಡೆ ಮುಂದಿನ ಕೆಳಗಿನ ಆರ್ಮು ನೋಡಿ ನಾನು ಬೈದೆ. ಅದು ಮುರಿದಿತ್ತು. ಯಾರೋ ವೆಲ್ಡಿಂಗ್ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಸಸ್ಪೆನ್ಶನ್ ಆರ್ಮಿಗೆ ವೆಲ್ಡಿಂಗ್ ಹೊಡೆಯಬಾರದು. ಕಾದ ಜಾಗ ಪೆಡಸಾಗುತ್ತದೆ, ಮುಂದೊಂದು ದಿನ ಅದೇ ಜಾಗದಲ್ಲಿ ಸೂಚನೆ ಕೊಡದೆ ಮುರಿಯುತ್ತದೆ. ಯಾರು ಮಾಡಿದ್ದು ಎಂದರೆ ದೇವದಾಸ "ಔರಾದದಾಗ ಮಾಡ್ಸಿನಿ ಉಸ್ತಾದ್" ಎಂದಷ್ಟೇ ಹೇಳಿ ಗೋಡೆ ಕಡೆ ಮುಖ ಮಾಡಿದ. ನಾನೂ ಬಿಟ್ಟುಬಿಟ್ಟೆ.

ಆಮೇಲೆ ಬಂತು ನೋಡಿ ಇವರ ಪಂಚಾಯಿತಿಯ ತೀರ್ಪು. ಇಬ್ಬರೂ ನನ್ನ ಮೂಲಕ ಮಾತಾಡಿ ಮಾತಾಡಿ, ಹೊಲಮನೆ ಪಾಲು ಮಾಡಿದಂತೆ ಗಾಡಿಯನ್ನೂ ಪಾಲು ಮಾಡಿಕೊಂಡರು. ಮುಂದಿನ ಎರಡು ಗಾಲಿ ತಮ್ಮ ಹೇಳಿದಂತೆ ಹಳೆಯದನ್ನೇ ರಿಪೇರಿ ಮಾಡುವುದು. ಹಿಂದಿನ ಎರಡು ಗಾಲಿ ಅಕ್ಕ ಹೇಳಿದಂತೆ ಪೂರಾ ಹೊಸದು. ಸುಗುಣಮ್ಮ ಮೊಬೈಲಿನಲ್ಲಿ ನೋಡಿ, ರೇಸಿಗೆ ಹಾಕುವ ಬಿರುಸಾದ ಸ್ಪ್ರಿಂಗ್ ಕಿಟ್ ಒಂದನ್ನು ಆಯ್ಕೆಯನ್ನೂ ಮಾಡಿಬಿಟ್ಟಿದ್ದರು. ದುಬಾರಿಯದು ಗಟ್ಟಿ ಇರುತ್ತದೆ ಅನ್ನುವುದು ಅವರ ಲೆಕ್ಕ.

ನಾನು ಇಬ್ಬರಿಗೂ ಬೇರೆ ಬೇರೆ ಫೋನು ಮಾಡಿ ಬೇರೆ ಬೇರೆ ಬೈದೆ. ಮುಂದೆ ಮೆತ್ತಗೆ, ಹಿಂದೆ ಬಿರುಸು ಮಾಡಿದರೆ ಗಾಡಿ ನೇರ ರಸ್ತೆಯಲ್ಲಿ ಒದೆಯುತ್ತದೆ, ತಿರುವಿನಲ್ಲಿ ಬಾಲ ಬೀಸಿ ಹೊಲಕ್ಕೆ ಹೋಗುತ್ತದೆ. ನಾಲ್ಕು ಗಾಲಿಗೂ ಒಂದೇ ಬುದ್ಧಿ ಇರಬೇಕು. ಪಾಲು ಮಾಡುವುದಿದ್ದರೆ ಗ್ಯಾಸ್ ಕಟರ್ ತಂದು ನಡುವೆ ಕತ್ತರಿಸಿ ಕೊಡುತ್ತೇನೆ, ಒಬ್ಬೊಬ್ಬರು ಒಂದೊಂದು ತುಂಡು ಒಯ್ಯಿರಿ ಎಂದೆ. ಕೊನೆಗೆ ಕೆಲಸ ನನ್ನ ಇಷ್ಟದಂತೆ, ಮುಗಿದ ಮೇಲೆ ನೋಡಿ ಮಾರುವುದೋ ಇಡುವುದೋ ಸುಗುಣಮ್ಮನ ಇಷ್ಟದಂತೆ ಎಂದು ಠರಾವಾಯಿತು.

ಹೊಸದೋ ರಿಪೇರಿಯೋ ಎನ್ನುವುದಕ್ಕೆ ನನ್ನ ಲೆಕ್ಕ ಸರಳ. ನಿಧಾನಕ್ಕೆ ಕೆಟ್ಟು, ಸದ್ದು ಮಾಡಿ, ಸೋರಿ, ಮೊದಲೇ ತಿಳಿಸುವ ಸಾಮಾನನ್ನು ರಿಪೇರಿ ಮಾಡಬಹುದು. ತಿಳಿಸದೆ ಒಮ್ಮೆಲೇ ಮುರಿದು ಗಾಲಿಯನ್ನೇ ಕಳಚುವ ಸಾಮಾನನ್ನು ಬದಲಿ ಮಾಡಲೇಬೇಕು. ನಾಲ್ಕೂ ಶಾಕ್ ಅಬ್ಸಾರ್ಬರ್ ಪುಣೆಗೆ ಕಳಿಸಿ ಬಿಚ್ಚಿಸಿ, ಹೊಸ ಸೀಲು, ಹೊಸ ಎಣ್ಣೆ ಹಾಕಿಸಿ ತರಿಸಿದೆ. ಸ್ಪ್ರಿಂಗುಗಳ ಎತ್ತರ ಅಳೆದೆ, ಕುಸಿದಿರಲಿಲ್ಲ, ಹಾಗೇ ಇಟ್ಟೆ. ಗಟ್ಟಿಯಿದ್ದ ಆರ್ಮುಗಳ ತುಕ್ಕು ತೆಗೆದು, ಪ್ರೆಸ್ಸಿನಲ್ಲಿ ಹಳೇ ಬುಷ್ ತಳ್ಳಿ ಹೊಸ ರಬ್ಬರ್ ಕೂರಿಸಿದೆ. ಗಾಲಿ ತಿರುಗಲು ಆಧಾರವಾದ ಬಾಲ್ ಜಾಯಿಂಟುಗಳು ನಾಲ್ಕೂ ಹೊಸವು. ವೆಲ್ಡಿಂಗ್ ಆರ್ಮು ಗುಜರಿಗೆ, ಅದರ ಜಾಗಕ್ಕೆ ಪುಣೆಯಲ್ಲೇ ಸಿಕ್ಕ ಇನ್ನೊಂದು.

ಇನ್ನು ಉಳಿದದ್ದು ಬಿಗಿ ಮಾಡುವ ಕೆಲಸ. ಇದರಲ್ಲಿ ಎಷ್ಟೋ ಗ್ಯಾರೇಜಿನವರು ತಪ್ಪು ಮಾಡುತ್ತಾರೆ. ಗಾಡಿ ಜಾಕಿನ ಮೇಲೆ ನೇತಾಡುವಾಗ ಬುಷ್ಷಿನ ಬೋಲ್ಟು ಬಿಗಿ ಮಾಡಿದರೆ, ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಲಿ ನೆಲಕ್ಕೆ ಊರಿ, ಸೀಟಿನಲ್ಲಿ ಜನ ಕೂತಷ್ಟು ಭಾರ ಬಿದ್ದಾಗ, ಕೆಳಗೆ ನೆಲದಲ್ಲಿ ತೋಡಿದ ಪಿಟ್ಟಿನೊಳಗೆ ನಿಂತು ಬಿಗಿ ಮಾಡಬೇಕು. ಭಾರಕ್ಕೆ ನಾನು ಗಾಂಧಿ ಗಂಜಿನ ಮಾರುಕಟ್ಟೆಯಿಂದ ತೊಗರಿ ಚೀಲ ತರಿಸಿ ಸೀಟಿನ ಮೇಲೆ ಇಡುತ್ತೇನೆ. ಆವತ್ತು ಅಮಾವಾಸ್ಯೆ, ಗಂಜ್ ಬಂದ್, ಹಮಾಲರೂ ಇಲ್ಲ. ಅಕ್ಕ ತಮ್ಮ ಇಬ್ಬರೂ ಕೆಲಸ ನೋಡಲು ಬಂದು ಗ್ಯಾರೇಜಿನ ಎರಡು ಮೂಲೆಯಲ್ಲಿ ಎರಡು ಸ್ಟೂಲಿನ ಮೇಲೆ ಕೂತಿದ್ದರು. ಹೈದರಾಬಾದಿನವನು ಮರುದಿನ ಬರುವವನಿದ್ದ. ಚೀಲದ ಬದಲು ನೀವೇ ಕೂತುಕೊಳ್ಳಿ ಎಂದೆ. ಇದನ್ನು ನಾನು ಬೇಕಂತಲೇ ಮಾಡಿದೆ ಎಂದು ಈಗ ಜನ ಹೇಳುತ್ತಾರೆ. ಇಲ್ಲ. ನನಗೆ ಭಾರ ಬೇಕಿತ್ತು, ಅಷ್ಟೇ.

ಸುಗುಣಮ್ಮ ನೇರ ಹೋಗಿ ಸ್ಟೇರಿಂಗಿನ ಸೀಟಿನಲ್ಲಿ ಕೂತರು. ಗಾಡಿ ಅವರ ಹೆಸರಿಗಿತ್ತಲ್ಲ. ದೇವದಾಸ ಮೈ ಮಡಚಿ ಪಕ್ಕದಲ್ಲಿ ಕೂತ. ಅದರೊಳಗೆ ಕೂತರೆ ಭುಜಕ್ಕೆ ಭುಜ ತಾಗಲೇಬೇಕು. ಇಬ್ಬರೂ ಮುಂದಿನ ಗೋಡೆ ನೋಡುತ್ತ ಕೂತರು. ನಾನು ಪಿಟ್ಟಿಗಿಳಿದೆ.

ಎಡಗಡೆಯ ಹೊಸ ಆರ್ಮಿನ ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತ, ಸುಮ್ಮನೆ ಹೇಳಬೇಕೆಂದು ಹೇಳಿದೆ: ಅಮ್ಮ, ಇಲ್ಲಿದ್ದ ಹಳೇದು ಮುರಿದು ವೆಲ್ಡಿಂಗ್ ಮಾಡಿಸಿದ್ದಿತ್ತು, ಅದನ್ನು ತೆಗೆದು ಬಿಸಾಡಿದ್ದೇನೆ, ಇನ್ನು ಹೆದರಿಕೆಯಿಲ್ಲ.

ಮೇಲಿನಿಂದ, ತಮ್ಮನ ಜೊತೆ ಅಕ್ಕನ ವರ್ಷದ ಮೊದಲ ಮಾತು ಬಂತು.

"ಯಾವಾಗ ಮುರದಿತ್ತು?"

"ಲಗ್ನದ ಮುಂದ," ಅಂದ ದೇವದಾಸ. "ಪತ್ರಿಕಿ ತಗೊಂಡು ನಿನ್ನ ಕಡೀಗೇ ಬರ್ಲಕತ್ತಿದ್ದೆ. ಸಂತಪುರ ದಾಟಿದ ಮ್ಯಾಲ ಗಾಲಿ ಮಡಚಿತು. ಗಾಡಿ ತೊಗರಿ ಹೊಲದಾಗ ಹೋತು."

"ನಿನಗ ಎಲ್ಲಿ ಪೆಟ್ಟಾತು?"

"ಭುಜಕ್ಕ. ಹೆಚ್ಚೇನಿಲ್ಲ."

"ಎಕ್ಸ್‌ರೇ ತೆಗಸಿದ್ದೇನು?"

ದೇವದಾಸ ಕೆಮ್ಮಿದ. "ಕೈ ಮ್ಯಾಲ ಎತ್ತು," ಅಂದರು ಸುಗುಣಮ್ಮ. ಗಾಡಿ ನನ್ನ ತಲೆಯ ಮೇಲೆ ಓಲಾಡಿತು. ಬೋಲ್ಟು ಅರ್ಧ ಬಿಗಿಯಾಗಿದೆ, ಅಲ್ಲಾಡಬೇಡಿ ಎಂದು ನಾನು ಕೆಳಗಿನಿಂದ ಬೇಡಿಕೊಂಡೆ. ನನ್ನ ಮಾತು ಕೇಳುವವರು ಯಾರಿದ್ದರು? "ಇಷ್ಟೇ ಏಳ್ತದೇನು? ಇನ್ನಾ ಎತ್ತು. ಒಂದ್ ವರ್ಷ ಇದನ್ನ ಹಿಂಗೇ ಇಟ್ಕೊಂಡು ಹೊಲ ಹೊಡದಿದ್ದೇನು ನೀ?"

"ನೀ ಮೊದಲೇ ಹೇಳಿದ್ದಿ, ಗಾಡಿ ಕೆಳಗ ಸದ್ದು ಬರ್ಲಕತ್ತದ, ತೋರಸು ಅಂತ. ನಾ ಕೇಳಲಿಲ್ಲ. ಕೈಗಿ ಜೋಳಿಗಿ ಕಟ್ಕೊಂಡು ನಿನ್ನ ಮುಂದ ಹ್ಯಾಂಗ ನಿಂದರ್ಲಿ ಅಕ್ಕಾ? ಅದಕ್ಕ ಫೋನ್‌ನಾಗ ಕಳಸ್ದೆ."

"ಬೈತಿದ್ದೆ," ಅಂದರು ಅಕ್ಕ. "ಬೈದು ಲಗ್ನಕ್ಕ ಬರ್ತಿದ್ದೆ."

ಆಮೇಲೆ ಮೇಲೆ ಏನು ನಡೆಯಿತೋ ನನಗೆ ಕಾಣಲಿಲ್ಲ. ಮೂಗು ಏರಿಸುವ ಸದ್ದು ಎರಡು ಕಡೆಯಿಂದ ಬಂತು. ನಾನು ಉಳಿದ ಬೋಲ್ಟುಗಳನ್ನು ಬೇಕಾದ್ದಕ್ಕಿಂತ ನಿಧಾನಕ್ಕೆ ಬಿಗಿ ಮಾಡಿದೆ.

ಪಿಟ್ಟಿನಿಂದ ಮೇಲೆ ಬಂದಾಗ ಸುಗುಣಮ್ಮ ಹೈದರಾಬಾದಿನವನಿಗೆ ಫೋನಿನಲ್ಲಿ ದಖನಿ ಉರ್ದುವಿನಲ್ಲಿ ಹೇಳುತ್ತಿದ್ದರು, ಗಾಡಿ ಮಾರುವುದಿಲ್ಲ, ಪೆಟ್ರೋಲು ಸುಟ್ಟುಕೊಂಡು ಬರಬೇಡ ಎಂದು. ದೇವದಾಸ ಕೆಳಗಿಳಿದು ಸ್ಟೇರಿಂಗ್ ಕಡೆ ಬಂದು ನಿಂತ. ಅವರು ಇಳಿಯಲಿಲ್ಲ.

"ನೀ ಆ ಕಡೀಗೇ ಕೂಡು. ಆ ಕೈಲಿಂದ ನೀ ಗಾಡಿ ಓಡಸೂದ ಬ್ಯಾಡ. ಮೊದಲು ಎಕ್ಸ್‌ರೇ, ಆಮ್ಯಾಲ ಡಾಬಕಾ. ಹುಡುಗಿ ತವರಿಗಿ ಬಂದಾಳಂತಲ್ಲ, ನನಗ್ಯಾರು ಹೇಳ್ಯಾರ ಕೇಳಬ್ಯಾಡ."

ಗೇರು ಕಿರ್ರೆಂದಿತು. ಗಾಡಿ ಎರಡು ಸಲ ಬಂದ್ ಬಿತ್ತು. ಮೂರನೇ ಸಲ ಗೇಟಿನ ಹೊರಗಿನ ತಗ್ಗಿನಲ್ಲಿ ಇಳಿದು ಎದ್ದಿತು, ಒಂದೇ ಸಲ ತೂಗಿ ಮುಂದೆ ಹೋಯಿತು. ದೇವದಾಸ ಕಿಟಕಿಯಿಂದ ತಲೆ ಹಾಕಿ ಕೆಳಗಿನ ಸದ್ದು ಕೇಳಿಸಿಕೊಳ್ಳುತ್ತಿದ್ದ. ಸದ್ದು ಇರಲಿಲ್ಲ.

ಆ ಭುಜದ ಎಲುಬು ಬಿರುಕು ಬಿಟ್ಟು ತನ್ನಷ್ಟಕ್ಕೆ ಸೊಟ್ಟಗೆ ಕೂಡಿಕೊಂಡಿತ್ತು ಎಂದು ಆಮೇಲೆ ತಿಳಿಯಿತು. ಅದಕ್ಕೆ ಏನು ಮಾಡಬೇಕು ಅಂತ ಈಗಲೂ ಇಬ್ಬರೂ ವಾದ ಮಾಡುತ್ತಾರೆ, ಆ ಎರಡು ಸೀಟಿನಲ್ಲಿ ಕೂತೇ ಮಾಡುತ್ತಾರೆ.

ಹೊಸದು ಹಾಕಲಾ, ಹಳೇದನ್ನೇ ರಿಪೇರಿ ಮಾಡಿಸಲಾ ಎಂದು ನನ್ನನ್ನು ದಿನಾ ಯಾರಾದರೂ ಕೇಳುತ್ತಾರೆ. ರಬ್ಬರು, ಎಣ್ಣೆ, ಬಾಲ್ ಜಾಯಿಂಟಿನ ಲೆಕ್ಕ ಮೇಲೆ ಹೇಳಿದ್ದೇನೆ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಆ ಗಾಡಿಯ ವೆಲ್ಡಿಂಗ್ ನೋಡಿದ ದಿನ ನಾನು ಯಾರು ಮಾಡಿದ್ದು ಎಂದಷ್ಟೇ ಕೇಳಿದ್ದೆ. ಈಗ ಮುರಿದ ಸಾಮಾನು ಕಂಡರೆ, ಪಾನಾ ಕೈಗೆತ್ತಿಕೊಳ್ಳುವ ಮೊದಲು, ಇದು ಮುರಿದಾಗ ನೀವು ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳುತ್ತೇನೆ.